ಸವೆದ ಅಟ್ಟೆಯ ಸಾಕ್ಷಿ

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ‘ಟಕ್’ ಎಂದು ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ, ಒಣಗಿದ ಅವರೆಕಾಯಿ ಮುರಿದಷ್ಟು. ಬೀದಿಯ ನಾಯಿ ಕೂಡ ತಲೆ ಎತ್ತಲಿಲ್ಲ. ಆದರೆ ಸದ್ದು ಹೊರಟದ್ದು ಗುಮಾಸ್ತರ ಎಡಗಾಲಿನ ಗಿಣ್ಣಿನಿಂದಾದ್ದರಿಂದ ಅವರಿಗೆ ಅದು ಸಿಡಿಲಿನಂತೆ ಕೇಳಿಸಿತು.

ಅಲ್ಲಿಯವರೆಗೆ ಗುಮಾಸ್ತರು ಸ್ಟೂಲಿನ ಮೇಲಿದ್ದರು. ಮರುಕ್ಷಣ ಸ್ಟೂಲು ಅವರ ಮೇಲಿತ್ತು. ಅಟ್ಟದಲ್ಲಿ ಹಳೆಯ ಕುಕ್ಕರು, ಕುಕ್ಕರಿನ ಮೇಲೆ ಜರಡಿ, ಜರಡಿಯ ಮೇಲೆ ಗೋಣಿಚೀಲ, ಇಷ್ಟೆಲ್ಲ ಬಂದೋಬಸ್ತಿನ ಒಳಗೆ ಹೆಂಡತಿ ಬಚ್ಚಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ಮಾತ್ರ ಇದ್ದಲ್ಲೇ ಇತ್ತು.

“ಯಾರದು?” ಎಂದಳು ಹೆಂಡತಿ ಒಳಗಿನಿಂದ.

“ನಾನೇ.”

“ನೀವೇ ಅಂತ ಗೊತ್ತು. ಕಳ್ಳ ಆಗಿದ್ರೆ ಇನ್ನೂ ನಾಜೂಕಾಗಿ ಬರ್ತಿದ್ದ.” ಅವಳು ಬಂದು ದೀಪ ಹಾಕಿದಳು. “ಏನ್ ಮಾಡ್ತಿದ್ರಿ?”

“ನೀರು ಕುಡಿಯೋಕೆ ಬಂದೆ.”

“ಸ್ಟೂಲ್ ಹತ್ತಿ ಕುಡೀತೀರಾ?”

“ಅದು ಅಡ್ಡ ಇತ್ತು, ಎಡವಿದೆ. ಕಾಲು ಬೆಳಿಗ್ಗೇನೇ ಹೋಗಿತ್ತು ಕಣೇ. ಕೆರೆ ಹತ್ರ, ಮೂರನೇ ಸುತ್ತಲ್ಲಿ ಉಳುಕಿತು. ನೀನು ಗಾಬರಿಯಾಗ್ತೀಯ ಅಂತ ಹೇಳಿರಲಿಲ್ಲ.”

ಹೆಂಡತಿಯ ಮುಖ ಕರಗಿತು. ಗುಮಾಸ್ತರ ಗಿಣ್ಣು ಅಷ್ಟರಲ್ಲಿ ಬದನೆಕಾಯಿಯ ಗಾತ್ರಕ್ಕೂ ಬಣ್ಣಕ್ಕೂ ಬರುತ್ತಿತ್ತು. ಸುಳ್ಳಿಗೆ ಕಾಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈ ಸುಳ್ಳಿಗಾದರೋ ಕಾಲೇ ಬಂಡವಾಳ.

ಮೂರು ಸುತ್ತಿನ ಕಥೆ ಎರಡು ವರ್ಷ ಹಳೆಯದು. ಹೊಟ್ಟೆ ಕರಗಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ ಮರುದಿನವೇ ಹೆಂಡತಿ ಬಿಳಿಯ ಶೂ ತಂದು ತೊಡಿಸಿ ಗಂಡನನ್ನು ಕೆರೆಯ ದಾರಿಗೆ ಅಟ್ಟಿದ್ದಳು. ಒಂದು ಸುತ್ತಿಗೆ ಮೂರು ಕಿಲೋಮೀಟರು. ಗುಮಾಸ್ತರು ಕಾಲು ಭಾಗ ನಡೆದು, ಏದುಸಿರು ಬಿಡುತ್ತ ಕೆರೆ ಕಾವಲುಗಾರನ ಗುಡಿಸಲ ಹಿಂದಿನ ಬೆಂಚಿನಲ್ಲಿ ಕುಸಿದರು. ವಾಪಸು ಬರುವಾಗ ದೋಣಿಮನೆಯ ಮುಂದೆ ನಡಿಗೆ ಸಂಘದ ಕಾರ್ಯದರ್ಶಿ, ನಿವೃತ್ತ ಡ್ರಿಲ್ ಮೇಷ್ಟ್ರು, ಸೀಮೆಸುಣ್ಣ ಹಿಡಿದು ಕರಿಹಲಗೆಯ ಎದುರು ನಿಂತಿದ್ದರು. ಅಲ್ಲಿ ಪ್ರತಿಯೊಬ್ಬರೂ ತಾವು ಹಾಕಿದ ಸುತ್ತನ್ನು ಬರೆಸುವುದು ಪದ್ಧತಿ. “ಎಷ್ಟು ಬರೀಲಿ ಸಾರ್?” ಎಂದು ಮೇಷ್ಟ್ರು ಕೇಳಿದಾಗ ಗುಮಾಸ್ತರು ‘ಕಾಲು’ ಎಂದೇ ಹೇಳುವವರಿದ್ದರು. ಆದರೆ ಪಕ್ಕದ ಮನೆಯಾಕೆ ಬೆವರೊರೆಸಿಕೊಳ್ಳುತ್ತ “ನಂದು ಎರಡು” ಎಂದುಬಿಟ್ಟರು. ಗುಮಾಸ್ತರ ಬಾಯಿಂದ “ಮೂರು” ಹೊರಬಿತ್ತು.

ಅಂದಿನಿಂದ ದಿನವೂ ಮೂರು. ದಿನವೂ ಕಾವಲುಗಾರನ ಗುಡಿಸಲು, ದಿನಪತ್ರಿಕೆ, ಜೇಬಿನಲ್ಲಿ ಒಂದು ಬನ್ನು. ಹಗಲಿಡೀ ಗುಮಾಸ್ತರು ಕೆಲಸ ಮಾಡುತ್ತಿದ್ದುದು ತೂಕ ಮತ್ತು ಅಳತೆಯ ಕಚೇರಿಯಲ್ಲಿ. ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ಹೆಚ್ಚುಕಡಿಮೆಯಾದರೆ ಅಂಗಡಿಯವನನ್ನು ಗಡಗಡ ನಡುಗಿಸುವ ಕಚೇರಿ ಅದು. ಅಲ್ಲಿ ಮುದ್ರೆ ಒತ್ತುವ ಕೈಯೇ ಬೆಳಿಗ್ಗೆ ಎಂಟು ಕಿಲೋಮೀಟರಿನಷ್ಟು ತಪ್ಪು ಅಳತೆ ಬರೆಸಿ ಬಂದಿರುತ್ತಿತ್ತು.

ಇದು ಗೊತ್ತಿದ್ದದ್ದು ಕಾವಲುಗಾರನೊಬ್ಬನಿಗೆ. ಐವತ್ತೈದರ ಸಣಕಲು ಮನುಷ್ಯ. ಕೈಗಾಡಿ ತಳ್ಳಿಕೊಂಡು ಕಸ, ಜೊಂಡು, ಮುರಿದ ಕೊಂಬೆ ತುಂಬಿಕೊಳ್ಳುತ್ತ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ಸಂಜೆ ಎರಡು, ಒಟ್ಟು ಐದು ಸುತ್ತು ಕೆರೆಯನ್ನು ನಿಜವಾಗಿ ಸುತ್ತುವವನು. ಅವನ ಹೆಸರು ಕರಿಹಲಗೆಯಲ್ಲಿ ಇರಲಿಲ್ಲ. ಸಂಬಳಕ್ಕೆ ನಡೆಯುವುದನ್ನು ಯಾರೂ ನಡಿಗೆ ಎಂದು ಲೆಕ್ಕ ಹಿಡಿಯುವುದಿಲ್ಲವಲ್ಲ. ಅವನು ಗುಮಾಸ್ತರ ಗುಟ್ಟನ್ನು ಎಂದೂ ಬಿಟ್ಟುಕೊಟ್ಟಿರಲಿಲ್ಲ. ಎದ್ದು ಹೊರಡುವಾಗ “ಮೂರೂ ಆಯ್ತಾ ಸಾರ್?” ಎನ್ನುತ್ತಿದ್ದ. “ಆಯ್ತು ಯಜಮಾನ್ರೇ” ಎಂದರೆ, “ಹಾಗಾದ್ರೆ ಟವಲ್ ಸ್ವಲ್ಪ ಒದ್ದೆ ಮಾಡ್ಕೊಂಡು ಹೋಗಿ, ಬೆವರಿದ ಹಾಗೆ ಕಾಣ್ಲಿ” ಎಂದು ಹೂಜಿ ಮುಂದೆ ಮಾಡುತ್ತಿದ್ದ.

ಬೆಳಗಾಗುವ ಹೊತ್ತಿಗೆ ಸುದ್ದಿ ಹರಡಿತ್ತು. ಮೊದಲು ಬಂದದ್ದು ಮೇಲಿನ ಬೀದಿಯಲ್ಲಿದ್ದ ಅತ್ತೆ. ಬಂದವರೇ ಅಳಿಯನ ಕಾಲನ್ನು ದಿಂಬಿನಿಂದ ಎತ್ತಿ ನೋಡಿ, ಮತ್ತೆ ದಿಂಬಿನ ಮೇಲೆ ಬಿಟ್ಟರು. ಗುಮಾಸ್ತರು ಕಿರುಚಿದರು.

“ನೋವಿದೆ,” ಎಂದು ಅತ್ತೆ ತೀರ್ಪು ಕೊಟ್ಟರು. “ಯಾರು ಓಡು ಅಂದ್ರು ನಿಮಗೆ? ಈ ವಯಸ್ಸಲ್ಲಿ ಕುದುರೆ ಆಗೋಕೆ ಹೊರಟ್ರೆ ಲಾಳ ಹೊಡೀಬೇಕಾಗುತ್ತೆ ಅಳಿಯಂದ್ರೇ.”

ಆಮೇಲೆ ಪಕ್ಕದ ಮನೆಯಾಕೆ ಬಂದರು. ಆಮೇಲೆ ಪೀಪಿಯ ಸದ್ದು ಕೇಳಿಸಿತು. ಎಂದರೆ ಡ್ರಿಲ್ ಮೇಷ್ಟ್ರು ಬಂದರು. ಬಾಗಿಲು ಬಡಿಯುವ ಬದಲು ಪೀಪಿ ಊದುವುದು ಅವರ ವಾಡಿಕೆ. ಅವರ ಹಿಂದೆ ಸಂಘದ ಆರು ಜನ ಸಾಲಾಗಿ ಒಳಗೆ ಬಂದು, ಸಾಲಾಗಿ ಗಿಣ್ಣು ನೋಡಿ, ಸಾಲಾಗಿ ‘ಅಯ್ಯೋ’ ಎಂದರು.

“ಇದು ಉಳುಕಲ್ಲ,” ಎಂದರು ಮೇಷ್ಟ್ರು ಗಂಭೀರವಾಗಿ. “ಕ್ರೀಡಾ ಗಾಯ! ಮೈದಾನದಲ್ಲಿ ಬೆವರು ಸುರಿಸಿದವರಿಗೆ ಮಾತ್ರ ಸಿಗೋ ಪದಕ ಇದು. ಇದಕ್ಕೆ ಮನೆಮದ್ದು ಮಾಡಕೂಡದು ತಾಯಿ. ಕೆರೆ ದಂಡೆ ಮೇಲೆ ಹೊಸ ಆಸ್ಪತ್ರೆ ಆಗಿದೆಯಲ್ಲ, ಓಡೋರು, ನಡೆಯೋರು, ದೋಣಿ ನಡೆಸೋರು, ಇಂಥವರ ಪಾದ, ಗಿಣ್ಣು ಮಾತ್ರ ನೋಡೋ ಡಾಕ್ಟರು. ನಾಳೆ ಹತ್ತು ಗಂಟೆಗೆ ಹೇಳಿಟ್ಟಿದೀನಿ.”

“ಬೇಡ ಮೇಷ್ಟ್ರೇ, ಐಸ್ ಇಟ್ರೆ ಹೋಗುತ್ತೆ.”

“ನಾವು ಬಿಡೋದಿಲ್ಲ! ಹಾಂ, ಒಂದು ಮಾತು. ನೀವು ನಡೆಯೋ ಶೂ ತರಬೇಕಂತೆ. ಆಕೆ ಕಾಲು ನೋಡೋ ಮೊದಲು ಶೂ ಅಟ್ಟೆ ನೋಡ್ತಾರೆ. ಸವೆದಿರೋ ರೀತಿ ನೋಡಿ ಮನುಷ್ಯ ಹೇಗೆ ನಡೀತಾನೆ, ಎಷ್ಟು ನಡೀತಾನೆ ಎಲ್ಲಾ ಹೇಳಿಬಿಡ್ತಾರೆ.”

ಗುಮಾಸ್ತರ ಎಡಗಾಲಿನ ನೋವು ಆ ಕ್ಷಣದಲ್ಲಿ ಮಾಯವಾಯಿತು. ಬಾಗಿಲ ಮೂಲೆಯಲ್ಲಿದ್ದ ಅವರ ಶೂಗಳ ಅಟ್ಟೆಯಲ್ಲಿ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

ಎಲ್ಲರೂ ಹೋದ ಮೇಲೆ ಗುಮಾಸ್ತರು ಕುಂಟುತ್ತ ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶೂಗಳನ್ನು ಉಜ್ಜತೊಡಗಿದರು. ಎರಡು ವರ್ಷದ ನಡಿಗೆಯನ್ನು ಅರ್ಧ ಗಂಟೆಯಲ್ಲಿ ಮುಗಿಸುವುದು ಸುಲಭವೇನಲ್ಲ. ಬಲಗಾಲಿನ ಶೂ ಬದಿಯಲ್ಲಿ ಹೆಚ್ಚು ಸವೆದು, ನೆಲಕ್ಕಿಟ್ಟರೆ ಪಕ್ಕಕ್ಕೆ ವಾಲಿತು. ಎಡಗಾಲಿನದು ನಾಯಿ ಅಗಿದ ಹಾಗಾಯಿತು.

“ಏನ್ರೀ ಅದು?” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

“ಮಣ್ಣು ತೆಗೀತಿದೀನಿ.”

“ಮಣ್ಣೆಲ್ಲಿದೆ?”

“ತೆಗೆದಾಯ್ತು.”

ಇಂಥ ಅಟ್ಟೆಯನ್ನು ತೋರಿಸಿದರೆ ಡಾಕ್ಟರು ಪೊಲೀಸರನ್ನು ಕರೆಯುವುದು ಖಂಡಿತ ಎಂದು ಗುಮಾಸ್ತರಿಗೇ ಅನಿಸಿತು. ಸಂಜೆ ‘ಗಾಳಿ ಕುಡಿದು ಬರುತ್ತೇನೆ’ ಎಂದು ಆಟೋ ಹಿಡಿದು ಕಾವಲುಗಾರನ ಗುಡಿಸಲಿಗೆ ಹೋದರು.

ಕಾವಲುಗಾರ ಕಥೆಯನ್ನು ಪೂರ್ತಿ ಕೇಳಿದ. ಬಿಸ್ಕತ್ತಿನ ಡಬ್ಬಿ ಸಿಕ್ಕಿತೋ ಇಲ್ಲವೋ ಎಂದು ಮೊದಲು ವಿಚಾರಿಸಿದ. ಆಮೇಲೆ ತನ್ನ ಕಾಲಿನಿಂದ ಕಂದು ಬಣ್ಣದ ಶೂ ಬಿಚ್ಚಿ ಮುಂದಿಟ್ಟ. ಎರಡು ವರ್ಷದ ಹಿಂದೆ ಪುರಸಭೆ ಕೊಟ್ಟದ್ದು. ಅಳತೆ ಎಂಟು. ಗುಮಾಸ್ತರದ್ದೂ ಎಂಟೇ.

“ತಗೊಳ್ಳಿ ಸಾರ್. ಇದಕ್ಕಿಂತ ಸವೆದದ್ದು ಈ ಊರಲ್ಲಿ ಸಿಗಲ್ಲ.”

“ನೀವೇನು ಹಾಕ್ಕೊಳ್ತೀರಿ?”

“ನಿಮ್ಮದು ಕೊಟ್ಟು ಹೋಗಿ. ಒಂದೆರಡು ದಿನ ತಾನೆ? ಬಿಳಿ ಶೂ ಹಾಕೋ ಯೋಗ ನಂಗೂ ಬರ್ಲಿ.” ಅವನು ವಾಲಿದ ಶೂ ತೊಟ್ಟು ಎರಡು ಹೆಜ್ಜೆ ಹಾಕಿ ನಕ್ಕ. “ಒಂದು ಕಡೆ ಎಳೆಯುತ್ತೆ. ಪರವಾಗಿಲ್ಲ ಬಿಡಿ, ಕೆರೆ ಕಡೆ ಎಳೀದೆ ಇದ್ರೆ ಸಾಕು.”

ಮರುದಿನ ಆಸ್ಪತ್ರೆಗೆ ಗುಮಾಸ್ತರ ಜೊತೆ ಹೆಂಡತಿ, ಅತ್ತೆ, ಮೇಷ್ಟ್ರು, ಇಷ್ಟು ಜನ ಹೊರಟರು. ‘ಈ ಕಂದು ಶೂ ಯಾವುದು?’ ಎಂದ ಹೆಂಡತಿಗೆ ಗುಮಾಸ್ತರು, ‘ಬಿಳಿಯದು ಕೊಳೆಯಾಗುತ್ತೆ ಅಂತ ನಡೆಯೋಕೆ ಇದನ್ನ ಕೆರೆ ಹತ್ರಾನೇ ಇಟ್ಟಿದ್ದೆ’ ಎಂದು ದಾರಿಯಲ್ಲೇ ಹೇಳಿ ಮುಗಿಸಿದ್ದರು. ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಮಸ್ಕಾರಕ್ಕೆ ತಲೆಯಾಡಿಸಿ ಶೂಗಳನ್ನು ಕೈಗೆತ್ತಿಕೊಂಡರು. ತಿರುಗಿಸಿದರು. ದೀಪದ ಕೆಳಗೆ ಹಿಡಿದರು. ಬೆರಳಿನಿಂದ ಸವರಿದರು. ಕೊನೆಗೆ ಗುಮಾಸ್ತರನ್ನು ನೋಡಿದ ನೋಟದಲ್ಲಿ ಗೌರವವಿತ್ತು.

“ದಿನಕ್ಕೆ ಮೂರು ಸುತ್ತು ಅಂದ್ರಲ್ಲ?”

“ಹೌದು,” ಎಂದರು ಗುಮಾಸ್ತರು ಕ್ಷೀಣವಾಗಿ.

“ಸುಳ್ಳು.”

ಗುಮಾಸ್ತರ ಹಣೆಯಲ್ಲಿ, ಟವಲಿನ ನೆರವಿಲ್ಲದೆಯೇ, ಬೆವರು ಮೂಡಿತು.

“ಕನಿಷ್ಠ ಐದು,” ಎಂದರು ಡಾಕ್ಟರು. “ಒಂದು ದಿನವೂ ತಪ್ಪಿಸಿಲ್ಲ. ಮಳೆಯಲ್ಲೂ ನಡೆದಿದೀರಿ.”

ಮೇಷ್ಟ್ರ ಪೀಪಿ ತಾನಾಗಿ ‘ಪೀ’ ಎಂದಿತು. “ಐದು ಹಾಕಿ ಮೂರು ಬರೆಸ್ತಿದ್ರಾ! ಎರಡು ವರ್ಷ! ಸಾರ್, ಇಂಥ ವಿನಯ ನಾನು ಕಂಡಿಲ್ಲ.”

“ಮುಂಗಾಲಿನ ಕಡೆ ತುಂಬಾ ಸವೆದಿದೆ,” ಡಾಕ್ಟರು ಮುಂದುವರಿಸಿದರು. “ಭಾರವಾದ್ದೇನಾದ್ರೂ ತಳ್ಳುತ್ತೀರಾ? ಗಾಡಿ ಗೀಡಿ?”

“ಇವರಾ?” ಎಂದಳು ಹೆಂಡತಿ. “ಊಟ ಆದ್ಮೇಲೆ ತಟ್ಟೆ ಕೂಡ ತಳ್ಳಲ್ಲ.”

ಡಾಕ್ಟರು ನಗಲಿಲ್ಲ. ಬಲಗಾಲಿನ ಶೂವನ್ನು ಮತ್ತೊಮ್ಮೆ ದೀಪಕ್ಕೆ ಹಿಡಿದರು. “ಇದು ನನಗೆ ಇಷ್ಟವಾಗ್ತಿಲ್ಲ. ಬಲ ಹಿಮ್ಮಡಿಯ ಹೊರಗಡೆ ನೋಡಿ, ಕತ್ತರಿಸಿದ ಹಾಗೆ ಹೋಗಿದೆ. ಹಳೇ ಗಾಯ. ಗಿಣ್ಣನ್ನ ಹಿಡಿದಿಟ್ಟಿರೋ ನಾರು ಪೂರ್ತಿ ಸಡಿಲ ಆಗಿದೆ. ನೋವು ನುಂಗಿಕೊಂಡು ನಡೀತಿದಾರೆ.”

“ಉಳುಕಿರೋದು ಎಡಗಾಲು,” ಎಂದು ಅತ್ತೆ ನೆನಪಿಸಿದರು.

“ಗೊತ್ತು. ಆದರೆ ಅಪಾಯ ಇರೋದು ಬಲಗಾಲಿಗೆ.” ಅವರು ಗುಮಾಸ್ತರ ಬಲಪಾದವನ್ನು ಕೈಗೆ ತೆಗೆದುಕೊಂಡು ಒತ್ತಿದರು. ಬೆಣ್ಣೆಯಂಥ, ನುಣುಪಾದ, ಜಗತ್ತಿನ ಕಲ್ಲುಮುಳ್ಳು ಕಾಣದ ಪಾದ. “ನೋವಿದೆಯಾ?”

“ಇಲ್ಲ.”

ಡಾಕ್ಟರು ಪಾದವನ್ನು ನೋಡಿದರು. ಶೂವನ್ನು ನೋಡಿದರು. ಆಮೇಲೆ ನೇರವಾಗಿ ಗುಮಾಸ್ತರ ಕಣ್ಣನ್ನು ನೋಡಿದರು.

“ಈ ಶೂ ನಿಮ್ಮದೇನಾ?”

ಎಡಕ್ಕೆ ಹೆಂಡತಿ, ಬಲಕ್ಕೆ ಅತ್ತೆ, ಎದುರಿಗೆ ಕಣ್ಣು ತುಂಬಿಕೊಂಡ ಮೇಷ್ಟ್ರು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಕಾಲು ಡಾಕ್ಟರ ಕೈಯಲ್ಲಿತ್ತು.

“ನನ್ನದೇ,” ಎಂದರು ಗುಮಾಸ್ತರು.

“ಹಾಗಾದ್ರೆ ಕೇಳಿ. ಈ ಶೂ ಹಾಕ್ಕೊಂಡು ನಡೆಯೋ ಕಾಲಿಗೆ ಆರು ವಾರ ವಿಶ್ರಾಂತಿ ಬೇಕು. ನಾಳೆಯಿಂದ ಅಲ್ಲ, ಇವತ್ತಿಂದ. ಬೇರೆ ಶೂ ಹಾಕಬೇಡಿ. ಅಡಿ ಸಮ ಇಲ್ಲದ್ದಂತೂ ಬೇಡವೇ ಬೇಡ. ಒಂದು ಹೆಜ್ಜೆ ಓರೆಯಾದ್ರೆ ಸಾಕು, ನಾರು ಹರಿಯುತ್ತೆ. ಆಮೇಲೆ ಸುತ್ತು ಹೊಡೆಯೋ ಆಸೆ ಬಿಟ್ಟುಬಿಡಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗುಮಾಸ್ತರ ಉಳುಕಿದ ಎಡಗಾಲಿಗೆ ಒಂದು ಬಟ್ಟೆ ಸುತ್ತಿ, ಏನೂ ಆಗದ ಬಲಗಾಲಿಗೆ ಮೊಣಕಾಲವರೆಗಿನ ಗಟ್ಟಿ ಬೂಟು ಬಿಗಿದರು. ಕಂದು ಶೂಗಳೊಳಗೆ ಹಿಮ್ಮಡಿಗೆ ಆಸರೆಯ ಮೆತ್ತೆ ಅಂಟಿಸಿ, ಅಳಿಸಲಾಗದ ಶಾಯಿಯಲ್ಲಿ ಗುಮಾಸ್ತರ ಹೆಸರನ್ನೂ ಕಚೇರಿಯ ವಿಳಾಸವನ್ನೂ ಬರೆದರು. ಬೇರೆಯವರು ಬಳಸಬಾರದೆಂಬುದು ಆಸ್ಪತ್ರೆಯ ನಿಯಮವಂತೆ.

ಅಂದು ಸಂಜೆಯೇ ಕಾವಲುಗಾರನಿಗೆ ಹೇಳಬೇಕು ಎಂದು ಗುಮಾಸ್ತರು ನಿರ್ಧರಿಸಿದರು. ನಿರ್ಧರಿಸುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಎರಡು ಕಾಲೂ ಕಟ್ಟಿಸಿಕೊಂಡ ಮನುಷ್ಯನನ್ನು ಹೆಂಡತಿ ಮಂಚದಿಂದ ಇಳಿಯಲು ಬಿಡಬೇಕಲ್ಲ. ಮರುದಿನ ಫೋನು ಮಾಡಿದರು. ಹೆಂಡತಿ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು.

“ಯಜಮಾನ್ರೇ, ಹೇಗಿದೀರಿ? ಕಾಲು?”

“ನನ್ನ ಕಾಲಾ?” ಆ ಕಡೆಯಿಂದ ಗಾಳಿಯ ಸದ್ದು, ಕೈಗಾಡಿಯ ಕಿರುಗುಟ್ಟು. “ಇದೆ ಸಾರ್, ಎರಡೂ. ನಿಮ್ಮದು?”

“ಅಲ್ಲ, ಡಾಕ್ಟ್ರು ಏನಂದ್ರು ಅಂದ್ರೆ… ಈ ಗಿಣ್ಣು ಅನ್ನೋದು ಇದೆಯಲ್ಲ… ಸ್ವಲ್ಪ ವಿಶ್ರಾಂತಿ ಕೊಡಬೇಕಂತೆ.”

“ಕೊಡಿ ಸಾರ್. ಚೆನ್ನಾಗಿ ಕೊಡಿ.”

“ನೀವೂ ಸ್ವಲ್ಪ ತಗೊಳ್ಳಿ.”

“ನಾನು ತಗೊಂಡ್ರೆ ಕೆರೆ ಯಾರು ಸುತ್ತುತಾರೆ? ನೀವಂತೂ ಮಲಗಿದೀರಿ!” ತನ್ನ ಹಾಸ್ಯಕ್ಕೆ ತಾನೇ ನಕ್ಕು ಅವನು ಫೋನಿಟ್ಟ.

“ಕಾವಲುಗಾರನ ಕಾಲಿಗೇನಾಯ್ತು?” ಎಂದಳು ಹೆಂಡತಿ.

“ಏನಿಲ್ಲ. ಸುಮ್ನೆ ಕೇಳಿದೆ.”

ಬುಧವಾರ ಕಚೇರಿಯವರೆಲ್ಲ ನೋಡಲು ಬಂದದ್ದರಿಂದ ಆಗಲಿಲ್ಲ. ಗುರುವಾರ ಗುಮಾಸ್ತರು ಒಂದು ಚೀಟಿ ಬರೆದರು. ಕೊಟ್ಟು ಕಳಿಸಲು ಸಿಕ್ಕವರು ಮೇಷ್ಟ್ರೊಬ್ಬರೇ. ಅವರು ಊರಿಗೆಲ್ಲ ಓದಿ ಹೇಳುವವರಾದ್ದರಿಂದ ಚೀಟಿ ದಿಂಬಿನ ಕೆಳಗೆ ಉಳಿಯಿತು. ಶುಕ್ರವಾರ ಮೇಷ್ಟ್ರು ಹೊಸ ಸುದ್ದಿ ತಂದರು. ಭಾನುವಾರ ದೋಣಿಮನೆಯಲ್ಲಿ ಗುಮಾಸ್ತರಿಗೆ ಸನ್ಮಾನ. ‘ಐದು ಸುತ್ತು ಹಾಕಿ ಮೂರೇ ಬರೆಸಿದ ಮಹನೀಯರಿಗೆ’ ಎಂದು ಬಹುಮಾನದ ಕಪ್ಪಿನ ಮೇಲೆ ಕೆತ್ತಿಸಲು ಕೊಟ್ಟಾಗಿತ್ತು. ಸರಿ, ಹೇಗೂ ಅಲ್ಲಿ ಸಿಗುತ್ತಾನಲ್ಲ, ಎದುರಿಗೆ ನಿಂತು ಹೇಳಿದರೆ ಮರ್ಯಾದೆ ಎಂದು ಗುಮಾಸ್ತರು ಮನಸ್ಸಿಗೆ ಸಮಾಧಾನ ಹೇಳಿದರು. ಕಡತವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸಿ ದಿನ ದೂಡುವುದು ಅವರ ಇಪ್ಪತ್ತೈದು ವರ್ಷದ ಕಸುಬು.

ಭಾನುವಾರ ಬೆಳಿಗ್ಗೆ ಗುಮಾಸ್ತರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ದೋಣಿಮನೆಯ ಜಗಲಿಗೆ ತಂದರು. ಎದುರಿಗೆ ಐವತ್ತು ಜನ. ಮುಂದಿನ ಸಾಲಿನಲ್ಲಿ ಪಾದದ ಡಾಕ್ಟರು, ಪುರಸಭೆಯ ಮೇಲ್ವಿಚಾರಕರು, ಗುಮಾಸ್ತರ ಮೇಲಧಿಕಾರಿ. ಕಾವಲುಗಾರ ಕೆಳಗಿನ ಕೊಠಡಿಯಿಂದ ಮೆಟ್ಟಿಲು ಹತ್ತಿ ಇಳಿದು ಒಂದೊಂದು ಕೈಗೆ ಎರಡೆರಡು ಕುರ್ಚಿ ಹೊತ್ತು ತರುತ್ತಿದ್ದ. ಕಾಲಲ್ಲಿ ಬಿಳಿ ಶೂ. ಗುಮಾಸ್ತರು ಕೈ ಸನ್ನೆ ಮಾಡಿ ಕರೆದರು. ಅವನು ‘ಬಂದೆ ಸಾರ್, ಇನ್ನು ನಾಲ್ಕು ಕುರ್ಚಿ’ ಎಂದು ಬೆರಳು ತೋರಿಸಿದ.

ಮೇಲಧಿಕಾರಿ ಮಾತಿಗೆ ನಿಂತರು. “ನಮ್ಮ ಕಚೇರಿಯ ಅಳತೆ ಎಂದೂ ತಪ್ಪುವುದಿಲ್ಲ. ತಪ್ಪಿದರೂ ಕಡಿಮೆಯ ಕಡೆಗೇ ತಪ್ಪುತ್ತದೆ ಎಂಬುದಕ್ಕೆ ಇವರೇ ಸಾಕ್ಷಿ!”

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಕಾವಲುಗಾರ ಮೂರನೇ ಮೆಟ್ಟಿಲ ಮೇಲೆ ಪಕ್ಕಕ್ಕೆ ವಾಲಿದ್ದನ್ನು ಕಂಡವರು ಗುಮಾಸ್ತರೊಬ್ಬರೇ. ಅವನು ಕೂಗಲಿಲ್ಲ. ಕುರ್ಚಿಗಳನ್ನು ಬಿಡದೆ ಹಿಡಿದುಕೊಂಡೇ ಕೂತ. ಆಮೇಲೆ ಒಂದು ಕುರ್ಚಿ ಕೈತಪ್ಪಿ, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ನೀರಿಗೆ ಬಿದ್ದು, ಮೆಲ್ಲಗೆ ತೇಲುತ್ತ ಹೊರಟಿತು. ಜನ ಕುರ್ಚಿಯನ್ನು ನೋಡಿ ನಕ್ಕರು. ಮನುಷ್ಯನನ್ನು ನೋಡಿದ್ದು ಆಮೇಲೆ.

ಡಾಕ್ಟರು ಓಡಿಹೋಗಿ ಮೆಟ್ಟಿಲ ಮೇಲೆ ಮಂಡಿಯೂರಿದರು. ಬಿಳಿ ಶೂ ಬಿಚ್ಚಿ, ಮೊದಲು ಅದರ ಅಟ್ಟೆ ನೋಡಿದರು. ಆಮೇಲೆ ಕಾಲು.

“ಈ ಕಾಲು ನಾನು ನೋಡಿದೀನಿ,” ಎಂದರು.

“ಇವನು ಆಸ್ಪತ್ರೆಗೆ ಬಂದಿದ್ನಾ?” ಎಂದರು ಮೇಷ್ಟ್ರು.

“ಇಲ್ಲ. ಬಂದಿರಲಿಲ್ಲ.” ಡಾಕ್ಟರು ತಲೆ ಎತ್ತಿ ಗುಮಾಸ್ತರ ಕಡೆ ನೋಡಿದರು. “ಆ ಬಲಗಾಲಿನ ಬೂಟು ಬಿಚ್ಚಿ ಕೊಡಿ. ನಿಮಗೆ ಅದು ಬೇಕಾಗಿಲ್ಲ.”

ಗುಮಾಸ್ತರು ಬೂಟು ಬಿಚ್ಚಿ ಕೊಟ್ಟರು. ಸಭೆ ಒಂದು ಕ್ಷಣ ಬೆರಗಾಗಿ, ಮರುಕ್ಷಣ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು.

“ನೋಡಿ! ತನ್ನ ಕಾಲಿಂದ ಬಿಚ್ಚಿ ಕೊಟ್ರು!” ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡರು.

“ನನ್ನಳಿಯ ಚಿಕ್ಕಂದಿನಿಂದ್ಲೂ ಹಾಗೇ,” ಎಂದರು ಅಳಿಯನನ್ನು ಇಪ್ಪತ್ತೇಳನೇ ವಯಸ್ಸಿನಲ್ಲಿ ಮೊದಲು ಕಂಡ ಅತ್ತೆ.

ಈಗ ಮೇಲ್ವಿಚಾರಕರು ಮುಂದೆ ಬಂದರು. ಅವರು ಕಾವಲುಗಾರನ ಕಾಲನ್ನು ನೋಡಲಿಲ್ಲ. ಬಿಳಿ ಶೂ ನೋಡಿದರು. “ಇದ್ಯಾವುದಯ್ಯಾ? ಕೆಲಸದ ಹೊತ್ತಲ್ಲಿ ಪುರಸಭೆ ಕೊಟ್ಟ ಶೂ ಹಾಕ್ಬೇಕು ಅನ್ನೋ ನಿಯಮ ಗೊತ್ತಿಲ್ವಾ? ಎಲ್ಲಿ ಅದು?”

ಗುಮಾಸ್ತರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಎಡಗಾಲು ಚುರ್ರೆಂದಿತು. ‘ನನ್ನ ಹತ್ತಿರ ಇದೆ’ ಎಂಬ ಮೂರು ಪದ ಗಂಟಲ ತನಕ ಬಂದಿದ್ದವು. ಬಾಯಿ ತೆರೆದರು.

‘ಪೀ!’ ಎಂದಿತು ಪೀಪಿ. “ನೋಡಿ, ನೋಡಿ!” ಎಂದು ಮೇಷ್ಟ್ರು ಕೂಗಿದರು. “ಎರಡು ಕಾಲೂ ಇಲ್ಲದಿದ್ರೂ ಎದ್ದು ನಿಂತ್ರು! ಒಬ್ಬ ಬಡ ಕಾವಲುಗಾರನಿಗೋಸ್ಕರ!”

ಮತ್ತೆ ಚಪ್ಪಾಳೆ. ಯಾರೋ ಕಪ್ಪನ್ನು ಕೈಗೆ ತುರುಕಿದರು. ಹೆಂಡತಿ ಗಾಬರಿಯಿಂದ ಭುಜ ಒತ್ತಿ ಕೂರಿಸಿದಳು. ಗುಮಾಸ್ತರು ಕೂತರು. ಒತ್ತಿದ್ದು ಮೆಲ್ಲಗೆ. ಬೇಕಿದ್ದರೆ ನಿಂತೇ ಇರಬಹುದಿತ್ತು.

“ಎಲ್ಲಿ ಅಂತ ಕೇಳ್ದೆ,” ಎಂದರು ಮೇಲ್ವಿಚಾರಕರು.

ಕಾವಲುಗಾರನ ಮುಖ ನೋವಿನಿಂದ ಬೂದಿಯಾಗಿತ್ತು. ಅವನು ಗುಮಾಸ್ತರ ಕಡೆ ಒಮ್ಮೆಯೂ ತಿರುಗಲಿಲ್ಲ.

“ಕಳೆದ್ಹೋಯ್ತು ಸಾರ್,” ಎಂದ. “ದಂಡೆ ಮೇಲೆ ಬಿಚ್ಚಿಟ್ಟಿದ್ದೆ. ಯಾರೋ ಎತ್ಕೊಂಡ್ಹೋದ್ರು.”

ನಾರು ಹರಿದಿತ್ತು. ಇನ್ನು ಕೆರೆ ಸುತ್ತುವ ಕೆಲಸ ಆಗದು ಎಂದು ಡಾಕ್ಟರು ಬರೆದುಕೊಟ್ಟರು. ಗುಮಾಸ್ತರ ಎಡಗಾಲಿನ ಬಟ್ಟೆ ಬಿಚ್ಚುವ ದಿನ ಆಕೆ ಒಂದೇ ಮಾತು ಆಡಿದ್ದು. “ನಾನು ಕೇಳಿದ್ದೆ ನಿಮ್ಮನ್ನ.” ಅವರು ಬೈದಿದ್ದರೆ ಗುಮಾಸ್ತರು ಎಷ್ಟೋ ಗೆದ್ದಂತೆ ಮನೆಗೆ ಬರುತ್ತಿದ್ದರು.

ಮೂರನೇ ವಾರ ಗುಮಾಸ್ತರು ಗಟ್ಟಿ ಮನಸ್ಸು ಮಾಡಿದರು. ರಜೆ ಹಾಕಿದರು. ನಡೆದದ್ದನ್ನೆಲ್ಲ ಎರಡು ಪ್ರತಿಯಲ್ಲಿ ಬರೆದು ಸಹಿ ಹಾಕಿ, ಕಂದು ಶೂಗಳನ್ನು ಚೀಲದಲ್ಲಿ ಹಾಕಿಕೊಂಡು ಪುರಸಭೆಗೆ ಹೋದರು. ಮೇಲ್ವಿಚಾರಕರ ಕೋಣೆಯಲ್ಲಿ ಫ್ಯಾನು ಮೇಲೆ ತಿರುಗುತ್ತಿತ್ತು. ಕೆಳಗೆ ಕಾಗದಗಳು ಹಾರದಂತೆ ಪ್ರತಿಯೊಂದರ ಮೇಲೂ ಒಂದು ಕಲ್ಲು.

“ಬನ್ನಿ ಬನ್ನಿ, ಐದು ಸುತ್ತಿನವರು! ಏನು ಸೇವೆ?”

“ಒಂದು ಸಂದೇಹ. ಒಬ್ಬ ನೌಕರ, ನೀವು ಕೊಟ್ಟ ಶೂ ಕಳ್ಕೊಂಡ ಅಂತಿಟ್ಕೊಳ್ಳಿ…”

“ಎಚ್ಚರಿಕೆ ಪತ್ರ. ಅಷ್ಟೇ. ನಿಮ್ಮ ಕಾವಲುಗಾರನ ವಿಷಯ ತಾನೆ? ಪಾಪ, ಹಳಬ. ಗೇಟಲ್ಲಿ ಕೂತು ಮಾಡೋ ಕೆಲಸ ಕೊಟ್ಟಿದೀನಿ. ನಿವೃತ್ತಿಗೆ ಇನ್ನು ಐದು ವರ್ಷ ಇದೆ, ಕೂತು ಕಳೀಲಿ.”

“ಕಳ್ಕೊಂಡದ್ದಲ್ಲ, ಯಾರಿಗೋ ಕೊಟ್ಟಿದ್ದ ಅಂತಿಟ್ಕೊಳ್ಳಿ. ಒಂದು ಉಪಕಾರಕ್ಕೆ.”

ಮೇಲ್ವಿಚಾರಕರು ಕನ್ನಡಕ ತೆಗೆದರು. “ಅಂದ್ರೆ, ಪುರಸಭೆ ಸಾಮಾನು ಹೊರಗಿನವರಿಗೆ ಕೊಟ್ಟ. ಕೊಟ್ಟು, ಕಳೆದ್ಹೋಯ್ತು ಅಂತ ಸುಳ್ಳು ಹೇಳಿಕೆ ಬರೆದುಕೊಟ್ಟ. ಅಂಥವನು ಅವತ್ತೇ ಮನೆಗೆ. ನಾನು ಬಿಡ್ತೀನಿ ಅಂದ್ರೂ ಮೇಲಿನವರು ಬಿಡಲ್ಲ. ಯಾಕೆ, ನಿಮಗೇನಾದ್ರೂ ಗೊತ್ತಾ?”

ಫ್ಯಾನು ತಿರುಗಿತು.

“ಇಲ್ಲ,” ಎಂದರು ಗುಮಾಸ್ತರು.

“ಕೈಯಲ್ಲೇನದು ಕಾಗದ?”

“ಇದಾ? ಸಂಘದ ಮನವಿ. ದಾರೀಲಿ ಇನ್ನೊಂದೆರಡು ಬೆಂಚು ಹಾಕಿಸಿಕೊಡಿ ಅಂತ.”

“ಕೊಡಿ, ಈಗ್ಲೇ ಸಹಿ ಹಾಕ್ತೀನಿ.”

“ಬೇಡ, ಕೆಲವು ತಪ್ಪು ಉಳಿದಿದೆ. ತಿದ್ದಬೇಕು.”

“ಚೀಲದಲ್ಲಿ?”

“ಹಳೇ ಶೂ. ರಿಪೇರಿಗೆ.”

“ಕೊಟ್ಟುಬಿಡಿ ಯಾರಿಗಾದ್ರೂ. ನಿಮ್ಮಂಥವರಿಗೆ ವರ್ಷಕ್ಕೆ ನಾಲ್ಕು ಜೊತೆ ಬೇಕಾಗುತ್ತೆ,” ಎಂದು ಮೇಲ್ವಿಚಾರಕರು ಎದ್ದು ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಕೆರೆಯ ಗೇಟಿನ ಪಕ್ಕದಲ್ಲಿ ಕಾವಲುಗಾರ ಕುರ್ಚಿಯೊಂದರ ಮೇಲೆ ಕೂತಿದ್ದ. ಬೂಟಿನ ಕಾಲನ್ನು ಇಟ್ಟಿಗೆಯ ಮೇಲೆ ಇಟ್ಟಿದ್ದ. ಅವನ ಕೈಗಾಡಿಯನ್ನು ಹೊಸಬನೊಬ್ಬ ತಳ್ಳಿಕೊಂಡು ತಿರುವಿನಲ್ಲಿ ಮರೆಯಾಗುವುದನ್ನು ಕತ್ತು ಚಾಚಿ ನೋಡುತ್ತಿದ್ದ.

“ಬನ್ನಿ ಸಾರ್. ಕುಂಟು ಹೋಯ್ತಲ್ಲ, ಒಳ್ಳೇದಾಯ್ತು.” ಅವನು ಚೀಲದ ಕಡೆ ನೋಡಿ ದನಿ ತಗ್ಗಿಸಿದ. “ಅದನ್ನ ಇಲ್ಲಿ ತರಬೇಡಿ. ಎಲ್ಲಾದ್ರೂ ಹಾಕ್ಬಿಡಿ.”

“ಯಜಮಾನ್ರೇ…”

“ಅವನು ಜೊಂಡು ತೆಗೆಯೋದು ಸರಿ ಇಲ್ಲ ಸಾರ್. ಮೇಲೆ ಮೇಲೆ ಕಿತ್ತು ಹಾಕ್ತಾನೆ, ಬೇರು ಅಲ್ಲೇ ಇರುತ್ತೆ. ನಾನು ಇಲ್ಲಿಂದ ಕೂಗಿ ಹೇಳೋಣ ಅಂದ್ರೆ ಆ ಕಡೆ ದಂಡೆ ಕೇಳಿಸಲ್ಲ.” ಅವನು ನೀರಿನ ಕಡೆ ನೋಡಿದ. “ಹದಿನೆಂಟು ವರ್ಷ ಆಯ್ತು. ಆ ಕಡೆ ದಂಡೆ ಈಗ ಹೇಗಿದೆಯೋ ಗೊತ್ತಿಲ್ಲ ನೋಡಿ. ನನ್ನ ಹಣೇಬರಹ, ಅವತ್ತು ಮೆಟ್ಟಿಲು ನೋಡ್ಕೊಂಡು ಹತ್ತಬೇಕಿತ್ತು.”

ಮೆಟ್ಟಿಲ ತಪ್ಪಲ್ಲ, ಆರು ದಿನ ಮೊದಲೇ ನನಗೆ ಗೊತ್ತಿತ್ತು ಎಂದು ಹೇಳಲು ಅದೇ ಸರಿಯಾದ ಸಮಯ. ಸುತ್ತ ಯಾರೂ ಇರಲಿಲ್ಲ. ಅತ್ತೆ ಇಲ್ಲ, ಪೀಪಿ ಇಲ್ಲ, ನಿಯಮ ಇಲ್ಲ. ಆದರೆ ಹೇಳಿದರೆ ಈ ಮನುಷ್ಯ ಏನನ್ನುತ್ತಾನೆ ಎಂಬುದು ಗುಮಾಸ್ತರಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ‘ಪರವಾಗಿಲ್ಲ ಬಿಡಿ ಸಾರ್’ ಎನ್ನುತ್ತಾನೆ. ಗುಮಾಸ್ತರು ಹಗುರಾಗಿ ಮನೆಗೆ ಹೋಗಿ ಊಟ ಮಾಡುತ್ತಾರೆ. ಅವನು ಇದೇ ಕುರ್ಚಿಯಲ್ಲಿ ಐದು ವರ್ಷ ಅದನ್ನೂ ಇಟ್ಟುಕೊಂಡು ಕೂತಿರುತ್ತಾನೆ.

“ಏನೋ ಹೇಳೋಕೆ ಬಂದ ಹಾಗಿತ್ತು ಸಾರ್?”

“ಏನಿಲ್ಲ,” ಎಂದರು ಗುಮಾಸ್ತರು. “ಆ ಕಡೆ ದಂಡೆ ನೋಡ್ಕೊಂಡು ಬಂದು ಹೇಳ್ತೀನಿ.”

ಅವರು ಚೀಲವನ್ನು ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡು ದಾರಿ ಹಿಡಿದರು. ಕಾಲು ಸುತ್ತಿನ ಹೊತ್ತಿಗೇ ಏದುಸಿರು ಬಂತು. ಎಡಗಿಣ್ಣು ಚುಚ್ಚತೊಡಗಿತು. ನಿಲ್ಲಲಿಲ್ಲ. ಎಲ್ಲ ಎದೆಯಲ್ಲೇ ಇರಲಿ, ಹೆಂಡತಿಗೂ ಬೇಡ, ಅವನಿಗೂ ಬೇಡ, ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದರು. ಮೊದಲ ಬಾರಿಗೆ ಆ ನಿರ್ಧಾರದಿಂದ ಅವರಿಗೆ ಯಾವ ಲಾಭವೂ ಇರಲಿಲ್ಲ.